ಹಕ್ಕಿಚ್ಯುತಿ

ಅಂತ್ಯಕ್ರಿಯೆಗೆ ಬಂದ ನೆಂಟರ ಕೊನೆಯ ಚೀಲವೂ ಮೆಟ್ಟಿಲಿಳಿದು ಹೋದ ಮರುದಿನ, ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋದ. ಅವನಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಅವಳು ಎರಡನ್ನೂ ಒಡೆದು ಕಾಯಲಿಟ್ಟು ಎದುರಿಗೇ ನಿಂತಳು. ಹಾಲು ಅವಳ ಕಣ್ಣೆದುರೇ ಉಕ್ಕಿ ಒಲೆ ತುಂಬ ಹರಿಯಿತು. ಒರೆಸಿದಳು. ಗಂಡ ಸತ್ತ ಒಂಬತ್ತನೆಯ ದಿನದ ಆ ಬೆಳಿಗ್ಗೆ ಅಂಥ ವಿಶೇಷವೇನೂ ಇರಲಿಲ್ಲ. ಅವನಿದ್ದಾಗಲೂ ಹಾಲು ವಾರಕ್ಕೆರಡು ಸಲ ಉಕ್ಕುತ್ತಿತ್ತು. ಆಗ ಬೈಯಲು ಒಬ್ಬನಿದ್ದ, ಅಷ್ಟೇ.

ಅಳು ಬಂದಿರಲಿಲ್ಲ. ಬರಲಿ ಎಂದು ಕಾಯುವುದನ್ನೂ ಬಿಟ್ಟಿದ್ದಳು. ಹಲ್ಲು ಕೀಳುವ ಮೊದಲು ದವಡೆಗೆ ಕೊಡುವ ಸೂಜಿಯನ್ನು ಯಾರೋ ಇಡೀ ಮೈಗೆ ಕೊಟ್ಟು ಮರೆತುಹೋದ ಹಾಗಿತ್ತು. ಮಾತೂ ನಿಂತುಹೋಗಿತ್ತು. ಹಟವೇನಿಲ್ಲ, ಅಗತ್ಯ ಬಿದ್ದಿರಲಿಲ್ಲ. ಅವಳ ಪಾಲಿನ ಮಾತನ್ನೆಲ್ಲ ಭಾವನೇ ಆಡಿಬಿಡುತ್ತಿದ್ದರು.

ಗಂಡನ ಅಣ್ಣನಾದ ಈ ಭಾವ ಗೋದಾಮಿನ ಮ್ಯಾನೇಜರು. ಯಾವ ಸಾಮಾನು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಹೇಳಿ ಅಭ್ಯಾಸವಿದ್ದವರು. ಅವಳ ಕಾಲೇಜಿನಿಂದ ಫೋನ್ ಬಂದಾಗ ಅವಳ ಕೈಯಿಂದಲೇ ಫೋನ್ ತೆಗೆದುಕೊಂಡು, "ಅವಳಾ? ಅವಳು ಮಾತಾಡೋ ಸ್ಥಿತೀಲಿಲ್ಲ. ಈ ವರ್ಷ ಪಾಠಕ್ಕೆ ಬರಲ್ಲ ಅಂತ ಬರ್ಕೊಳ್ಳಿ" ಎಂದಿದ್ದರು. ಅವಳು ಪಕ್ಕದಲ್ಲೇ ಕೂತು ಬ್ರೆಡ್ಡಿಗೆ ಜಾಮ್ ಸವರುತ್ತಿದ್ದಳು. ಮಾತಾಡುವ ಸ್ಥಿತಿಯಲ್ಲೇ ಇದ್ದಳು. ಬಾಯಲ್ಲಿ ಬ್ರೆಡ್ಡಿತ್ತು.

ಅತ್ತೆಯದು ಇನ್ನೊಂದು ಬಗೆ. "ನೀನು ಸುಮ್ನೆ ಕೂತ್ಕೊಳಮ್ಮ" ಎಂದು ಅವಳ ಕೈಯಿಂದ ಪೊರಕೆ ಕಸಿದುಕೊಳ್ಳುವರು, ಚಾಕು ಕಸಿದುಕೊಳ್ಳುವರು, ಒಮ್ಮೆ ಪೇಪರನ್ನೂ ಕಸಿದುಕೊಂಡರು. ಕಸಿದುಕೊಂಡ ಮೇಲೆ ಏನು ಮಾಡಬೇಕೆಂದು ತಿಳಿಯದೆ ತಲೆಕೆಳಗಾಗಿ ಹಿಡಿದು ಕೂತರು. ಮಗನನ್ನು ಕಳೆದುಕೊಂಡ ಹೆಂಗಸು, ಕೈಗೆ ಏನಾದರೂ ಬೇಕು. ಅವಳು ಕೊಟ್ಟಳು.

"ಈ ರದ್ದಿಯನ್ನೆಲ್ಲ ಇವತ್ತು ಖಾಲಿ ಮಾಡಿಸ್ತೀನಿ. ಹಳೇ ಪೇಪರಿನವಳಿಗೆ ಮಧ್ಯಾಹ್ನ ಬಾ ಅಂದಿದೀನಿ" ಎಂದರು ಭಾವ, ಗೋಡೆಯ ಕಡೆ ಕೈ ಬೀಸಿ.

ಗೋಡೆಯ ತುಂಬ ಚಪ್ಪಲಿ ಅಂಗಡಿಯಿಂದ ತಂದ ರಟ್ಟಿನ ಡಬ್ಬಗಳು. ಒಂದೊಂದರ ಮೇಲೂ ಒಂದೊಂದು ಅಕ್ಷರ, ಅ ದಿಂದ ಳ ವರೆಗೆ. ಗಂಡ ನಿಘಂಟಿನ ಕಚೇರಿಯಲ್ಲಿ ಹನ್ನೊಂದು ವರ್ಷ ದುಡಿದವನು. ಪದಗಳ ಚೀಟಿ ಬರೆದು ಬರೆದು ಅವನಿಗೆ ಲೋಕವೇ ಅಕಾರಾದಿಯಾಗಿ ಕಾಣುತ್ತಿತ್ತು. ವಿದ್ಯುತ್ ಬಿಲ್ಲು 'ಕ'ದಲ್ಲಿರುತ್ತಿತ್ತು, ಜನ ಅನ್ನುವುದು ಕರೆಂಟು ಎಂದು. ಮದುವೆಯ ಪ್ರಮಾಣಪತ್ರವನ್ನು 'ಒ'ದಲ್ಲಿಟ್ಟಿದ್ದ: ಒಪ್ಪಂದ. ಭಾಷಾಶಾಸ್ತ್ರ ಓದಿದ ಅವಳು ಬಿಡುತ್ತಾಳೆಯೇ, ಅದನ್ನು 'ಬ'ಕ್ಕೆ ಸಾಗಿಸಿದ್ದಳು: ಬಂಧನ. ಆ ಪತ್ರ ಆರು ತಿಂಗಳು ಎರಡು ಡಬ್ಬಗಳ ನಡುವೆ ಓಡಾಡಿ, ಕೊನೆಗೆ ಇಬ್ಬರಿಗೂ ಸಾಕಾಗಿ, ಕಾಗದ ಎಂಬ ಹೆಸರಿನಲ್ಲಿ ಕರೆಂಟು ಬಿಲ್ಲಿನ ಪಕ್ಕ ನೆಲೆಯಾಗಿತ್ತು.

ಒಂಬತ್ತೂವರೆಗೆ ಬಾಗಿಲು ತಟ್ಟಿದ್ದು ಗೋಂದಣ್ಣ.

ಗೋಂದಣ್ಣ ಅದೇ ನಿಘಂಟಿನ ಕಚೇರಿಯ ನೆಲಮಾಳಿಗೆಯಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಹಾಕುವವನು. ಐವತ್ತೆಂಟು ವಯಸ್ಸು, ಬೆರಳ ಸಂದಿಯಲ್ಲಿ ಸದಾ ಒಣಗಿದ ಗೋಂದು. ಅವನ ಕೈಕುಲುಕಿದವರು ತಮ್ಮ ಕೈಯನ್ನು ಬಿಡಿಸಿಕೊಳ್ಳಬೇಕಾಗುತ್ತದೆ ಎಂದು ಕಚೇರಿಯಲ್ಲಿ ನಗುವರು. ಒಳಗೆ ಬಂದವನು ಕುರ್ಚಿಯ ತುದಿಯಲ್ಲಿ ಕೂತ, ಮೇಲೆ ನೋಡಿದ, ಕೆಳಗೆ ನೋಡಿದ, ಡಬ್ಬಗಳನ್ನು ನೋಡಿದ.

"ಏನಪ್ಪ, ಕಚೇರಿಯಿಂದ ಏನಾದ್ರೂ ಬರೋದಿದ್ಯಾ?" ಎಂದರು ಭಾವ.

"ಬರೋದಲ್ಲ ಸಾರ್. ಹೋಗೋದು." ಗೋಂದಣ್ಣ ಅವಳ ಕಡೆ ತಿರುಗಿದ. "ಅಮ್ಮ, ಕೇಳಬಾರದು. ಮಣ್ಣಿಗೆ ಬಂದಾಗ್ಲೇ ನಾಲಿಗೆ ತುದಿಗೆ ಬಂದಿತ್ತು, ಸಾವಿನ ಮನೇಲಿ ಕಾಗದ ಕೇಳೋದು ಹೇಗೆ ಅಂತ ನುಂಗ್ಕೊಂಡೆ. ನನ್ನ ಹಕ್ಕಿ ಕಾಗದ ನಿಮ್ಮ ಮನೇಲಿದೆ."

"ಹಕ್ಕಿ?" ಎಂದರು ಅತ್ತೆ.

ಹಕ್ಕಿಯ ಕಥೆ ಅವಳಿಗೆ ಗೊತ್ತಿತ್ತು. ಗಂಡ ಮೂರು ವಾರದ ಹಿಂದೆ ಊಟ ತಣ್ಣಗಾಗುವಷ್ಟು ಹೊತ್ತು ಅದನ್ನೇ ಹೇಳಿದ್ದ.

ಹತ್ತೊಂಬತ್ತು ವರ್ಷದ ಹಿಂದೆ, ಗೋಂದಣ್ಣನಿಗೆ ಸ್ವಂತ ಅಂಗಡಿ ಇದ್ದ ಕಾಲದಲ್ಲಿ, ಯಾರೋ ತಂದುಕೊಟ್ಟ ಹಾಳೆಗಳನ್ನು ಅವನು ಹೊಲಿದು, ರಟ್ಟು ಕಟ್ಟಿ, ಹಳೆಯದಾಗಿ ಕಾಣಲಿ ಎಂದು ಅವರು ಹೇಳಿದಂತೆ ಅಂಚಿಗೆ ಚಹಾದ ನೀರು ಬಳಿದುಕೊಟ್ಟಿದ್ದ. ಆ ರಿಜಿಸ್ಟರಿನಿಂದಾಗಿ ಯಾರದೋ ಜಮೀನು ಇನ್ಯಾರದೋ ಆಯಿತು. ಜಮೀನು ನುಂಗಿದವರು ಜಾಮೀನಿನ ಮೇಲೆ ಮನೆಗೆ ಹೋದರು, ಚಹಾ ಬಳಿದವನು ಎರಡು ವರ್ಷ ಒಳಗೆ ಹೋದ. ಹೊರಗೆ ಬಂದಾಗ ಕೈಗೆ ಒಂದು ಆದೇಶ ಕೊಟ್ಟರು. ಇನ್ನು ಮೇಲೆ ಮತ ಹಾಕುವಂತಿಲ್ಲ, ಯಾವ ಸಂಘಕ್ಕೂ ನಿಲ್ಲುವಂತಿಲ್ಲ, ಯಾವ ದಾಖಲೆಗೂ ಸಾಕ್ಷಿ ರುಜು ಹಾಕುವಂತಿಲ್ಲ. ಇದಕ್ಕೆ ಆದೇಶದಲ್ಲಿ ಬಳಸಿದ ಪದ ಹಕ್ಕುಚ್ಯುತಿ. ಆದರೆ ಬೆರಳಚ್ಚಿನವನಿಗೆ ಯಾವ ಅವಸರವಿತ್ತೋ, ಒಂದು ಕೊಂಬು ಹೋಗಿ ಗುಡಿಸು ಬಿದ್ದಿತ್ತು: 'ಈ ಆದೇಶದ ಮೂಲಕ ತಾವು ಇಂದಿನಿಂದ ಹಕ್ಕಿಚ್ಯುತರಾಗಿರುತ್ತೀರಿ.'

"ಯಾರು ಕೇಳಿದ್ರೂ ನನ್ನ ಹಕ್ಕಿ ಹಾರಿಹೋಯ್ತು ಅಂತೀನಿ. ಅಷ್ಟಕ್ಕೇ ಬಿಡ್ತಾರೆ. ಹಕ್ಕು ಹೋಯ್ತು ಅಂದ್ರೆ ಏನು ಮಾಡಿದ್ದೆ ಅಂತ ಕೇಳ್ತಾರೆ" ಎಂದು ಅವನು ಗಂಡನಿಗೆ ಹೇಳಿದ್ದನಂತೆ.

ಗಂಡನಿಗೆ ಇದು ಹಬ್ಬದೂಟವಾಗಿತ್ತು. ನಿಘಂಟಿನಲ್ಲಿ ಹಕ್ಕುಚ್ಯುತಿಗೆ ಇದ್ದದ್ದು ಒಂದೇ ಅರ್ಥ. ಶಾಸಕರು ಬಂದಾಗ ಅಧಿಕಾರಿ ಎದ್ದು ನಿಲ್ಲದಿದ್ದರೆ, ಪತ್ರಿಕೆ ಅವರನ್ನು ಗೇಲಿ ಮಾಡಿದರೆ, ಸಭೆಯಲ್ಲಿ ಮೇಜು ಗುದ್ದಿ ಮಂಡಿಸುತ್ತಾರಲ್ಲ, ಆ ಹಕ್ಕುಚ್ಯುತಿ. ಸಾಮಾನ್ಯ ಮನುಷ್ಯನ ಹಕ್ಕು ಬುಡಸಮೇತ ಹೋದರೆ ಅದಕ್ಕೆ ಆ ಪದ ಸಲ್ಲುತ್ತದೆ ಎನ್ನಲು ಅಚ್ಚಿನ ಆಧಾರವೇ ಇಲ್ಲ ಎಂದು ಪ್ರಧಾನ ಸಂಪಾದಕರು ತಲೆಯಾಡಿಸಿದ್ದರು. ಆಧಾರ ನೆಲಮಾಳಿಗೆಯಲ್ಲಿ ರಟ್ಟು ಕತ್ತರಿಸುತ್ತ ಕೂತಿತ್ತು. ಗಂಡ ಇಳಿದುಹೋಗಿ, ಆದೇಶವನ್ನು ಎರಡು ದಿನದ ಮಟ್ಟಿಗೆ ಎಂದು ಕೇಳಿ ತಂದಿದ್ದ. ಆಮೇಲೆ ಒಂದು ಮಂಗಳವಾರ, ಕಚೇರಿಯ ಮೂರನೆಯ ಮಹಡಿಗೆ ಹತ್ತುತ್ತಿದ್ದವನು ಎರಡನೆಯದರಲ್ಲೇ ಕೂತ. ಮೂವತ್ತನಾಲ್ಕು ವಯಸ್ಸು. ಹೃದಯವೂ ಅಲ್ಲೇ ಕೂತುಬಿಟ್ಟಿತು.

"ಈಗ ಹಳಬರ ಹಕ್ಕೆಲ್ಲ ವಾಪಸ್ ಕೊಡ್ತಾರಂತೆ ಅಮ್ಮ. ಇವತ್ತೇ ಕೊನೇ ದಿನ. ಸಂಜೆ ಐದಕ್ಕೆ ಜಿಲ್ಲಾ ಕಚೇರೀಲಿ ಕೌಂಟರ್ ಮುಚ್ತಾರೆ. ಕಿತ್ಕೊಂಡಿದ್ದಕ್ಕೆ ಅಸಲು ಕಾಗದ ತಂದ್ರೆ ಮಾತ್ರ ವಾಪಸ್ ಕೊಡೋದು" ಎಂದ ಗೋಂದಣ್ಣ.

"ಜೆರಾಕ್ಸ್ ಇಲ್ವೇನಪ್ಪ?" ಎಂದರು ಭಾವ.

"ನಡೆಯಲ್ವಂತೆ ಸಾರ್. ಅವರ ಕಡತವನ್ನ ಗೆದ್ದಲು ತಿಂದಿದೆ. ಅಸಲಿನಲ್ಲಿ ಒಂದು ಚುಕ್ಕೆ ಆಚೀಚೆಯಾಗಿದ್ರೂ ತಿದ್ದಿದ ದಾಖಲೆ ಅಂತ ತೆಗೆದು ಎಸೀತಾರಂತೆ. ನನ್ನ ಹೆಸರು ಮೊದ್ಲೇ ತಿದ್ದಿದ ದಾಖಲೆಗೆ ಫೇಮಸ್ಸು."

"ಅಷ್ಟು ವರ್ಷ ಇಲ್ದೇ ಇದ್ದದ್ದು ಈಗ್ಯಾಕೆ? ಮತ ಹಾಕಿ ಏನು ಕಡಿದು ಕಟ್ಟೆ ಹಾಕ್ಬೇಕು?"

"ಮತ ಅಲ್ಲ ಸಾರ್." ಅವನು ಬೆರಳ ಗೋಂದು ಕೆರೆದುಕೊಂಡ. "ಮುಂದಿನ ತಿಂಗಳು ಮಗಳ ಮದುವೆ. ರಿಜಿಸ್ಟ್ರಾರ್ ಕಚೇರೀಲಿ. ನೀನೇ ಸಾಕ್ಷಿ ಹಾಕ್ಬೇಕಪ್ಪ ಅಂತ ಕೂತಿದಾಳೆ. ಅವಳಿಗೆ ಈ ಹಕ್ಕಿ ವಿಷಯ ಹೇಳಿಲ್ಲ ನಾನು."

ಅವನು ಎದ್ದ. ಕೌಂಟರಿನ ಸಾಲು ಬೀದಿವರೆಗೆ ಬಂದಿದೆಯಂತೆ, ಹಿಂದಿನವನಿಗೆ ಜಾಗ ಹಿಡಿದಿರಲು ಹೇಳಿ ಬಂದಿದ್ದಾನಂತೆ, ಹೋಗಬೇಕಂತೆ. "ಸಿಕ್ರೆ ತಂದುಕೊಡಿ ಅಮ್ಮ. ಸಿಗದಿದ್ರೆ..." ಅವನು ಚಪ್ಪಲಿಗೆ ಕಾಲು ತೂರಿಸಿದ. "ಸಿಗದಿದ್ರೆ ಪಾಪ, ಅವರೇನು ಬೇಕಂತ ಮಾಡಿದ್ದಲ್ಲ" ಎಂದು ಮೆಟ್ಟಿಲಿಳಿದ.

ಸತ್ತದ್ದಕ್ಕೆ ಗಂಡನ ಪರವಾಗಿ ಯಾರಾದರೂ ಕ್ಷಮೆ ಕೇಳಿದ್ದು ಅದೇ ಮೊದಲು.

ಅವಳು ಡಬ್ಬ ಇಳಿಸತೊಡಗಿದಳು. 'ಹ'ದಲ್ಲಿ ಹಲ್ಲಿನ ಡಾಕ್ಟರ ಚೀಟಿ, ಹವಾಮಾನದ ಬಗ್ಗೆ ಪತ್ರಿಕೆಯ ತುಣುಕು, ಹೆಂಡತಿ ಎಂದು ಬರೆದ ಲಕೋಟೆ. ಲಕೋಟೆಯೊಳಗೆ ಅವಳ ಚಪ್ಪಲಿಯ ಅಳತೆ. ಹಕ್ಕು ಇಲ್ಲ, ಹಕ್ಕಿಯೂ ಇಲ್ಲ. ಪೌರ ಎಂದಿರಬಹುದೇ ಎಂದು 'ಪ' ನೋಡಿದಳು. ನಾಗರಿಕ ಎಂದಿರಬಹುದೇ ಎಂದು 'ನ' ನೋಡಿದಳು. 'ಆ'ದಲ್ಲಿ ಆದೇಶವಿಲ್ಲ, 'ಗ'ದಲ್ಲಿ ಗೋಂದಣ್ಣನಿಲ್ಲ, 'ಬ'ದಲ್ಲಿ ಬೈಂಡರನಿಲ್ಲ. ಗಂಡ ಆ ಕಾಗದವನ್ನು ಏನೆಂದು ಕರೆದಿದ್ದಾನೆಂದು ತಿಳಿದರೆ ಅದು ಎಲ್ಲಿದೆಯೆಂದು ತಿಳಿಯುತ್ತದೆ. ಆರು ವರ್ಷ ಒಂದೇ ಚಾದರದಡಿ ಮಲಗಿದ ಮನುಷ್ಯ ಒಂದು ಹಾಳೆಗೆ ಏನು ಹೆಸರಿಟ್ಟಾನೆಂದು ಅವಳಿಗೆ ಹೊಳೆಯಲಿಲ್ಲ. 'ಜ'ದಲ್ಲಿ ಜೈಲು ಇತ್ತು, ಒಂದೇ ಒಂದು ಚೀಟಿ: 'ಜೈಲು. ಅತ್ತೆಮನೆಗೆ ಪರ್ಯಾಯ ನಾಮ. ನೋಡಿ: ಮಾವ.' ಅವಳ ಅಪ್ಪನಿಗೆ ತೋರಿಸದ ಚೀಟಿ ಇರಬೇಕು.

'ಎ' ಡಬ್ಬವನ್ನು ಮಾತ್ರ ಅವಳು ಮುಟ್ಟಲಿಲ್ಲ. ಅದರ ಮೇಲೆ ಅಕ್ಷರದ ಕೆಳಗೆ ದಪ್ಪಗೆ 'ಎರವಲು' ಎಂದೂ ಬರೆದಿತ್ತು. ಪರಭಾಷೆಗಳಿಂದ ಬಂದ ಎರವಲು ಪದಗಳ ಡಬ್ಬ ಅದು. ಮೇಜು, ಕುರ್ಚಿ, ಸಾಬೂನು, ಬಸ್ಸು. ಅದರ ಅರ್ಧ ಚೀಟಿಗಳನ್ನು ಬರೆದವಳೇ ಅವಳು. ಎಂ.ಎ.ಯಲ್ಲಿ ಅವಳು ಪ್ರಬಂಧ ಬರೆದದ್ದೂ ಅದರ ಮೇಲೆಯೇ. ಅದರೊಳಗೆ ಏನಿದೆಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಧ್ಯಾಹ್ನ ಹಳೇ ಪೇಪರಿನವಳು ತಕ್ಕಡಿ ಹೆಗಲಿಗೇರಿಸಿಕೊಂಡು ಬಂದಳು. ಗಟ್ಟಿಮುಟ್ಟು ಹೆಂಗಸು, ಬಾಯೂ ಗಟ್ಟಿ. ಭಾವ ಅಂಗಿಯ ತೋಳು ಮಡಚಿ ಡಬ್ಬಗಳನ್ನು ಒಂದೊಂದಾಗಿ ಬಾಗಿಲಿಗೆ ದೂಡಿದರು. ನೀನು ನೋಡಿ ಮುಗಿಸಿದ್ದನ್ನು ಮಾತ್ರ ದೂಡುತ್ತಿದ್ದೇನೆ ಎಂದು ತಮ್ಮನ ಹೆಂಡತಿಗೆ ಸಮಜಾಯಿಷಿ ಹೇಳಿದರು. 'ಎ'ಯನ್ನು ಅವಳು ನೋಡಿರಲಿಲ್ಲ, ಆದರೆ ಅದು ಕೈಗೆ ಹತ್ತಿರವಿತ್ತು.

ಹಳೇ ಪೇಪರಿನವಳು ಅದನ್ನು ತಕ್ಕಡಿಗೆ ಎತ್ತಿದವಳು ಹಾಗೇ ನಿಂತಳು.

"ಇದು ಬೇಡ ಸಾರ್."

"ಯಾಕೆ, ತೂಕ ಜಾಸ್ತಿನಾ?"

"ಎರವಲು ಅಂತ ಬರ್ದಿದ್ಯಲ್ಲಾ. ಬೇರೆಯೋರ ಸಾಮಾನು ಇದು. ನಾಳೆ ಅವರು ಬಂದು ನನ್ನ ಜುಟ್ಟು ಹಿಡಿದ್ರೆ ನೀವು ಬರ್ತೀರಾ?"

"ಅಯ್ಯೋ, ಅದು ಅವನ ಪದಗಳ ಏನೋ..." ಎಂದರು ಭಾವ.

"ಪದನೋ ಪಾತ್ರೆನೋ. ಎರವಲು ಅಂದ್ರೆ ಎರವಲು. ನಾನು ಓದಿದ್ದು ನಾಲ್ಕನೇ ಕ್ಲಾಸು ಸಾರ್, ಅಷ್ಟು ಗೊತ್ತು."

ಗೋಡೆಯ ಬದಿಯಿಂದ ಅವಳು ಎದ್ದುಬಂದಳು. "ಕೆಳಗಿಡಿ ಅದನ್ನ" ಎಂದಳು. ಒಂಬತ್ತು ದಿನದ ಮೇಲೆ ಹೊರಟ ದನಿ ತುಕ್ಕು ಹಿಡಿದ ಬೀಗದ ಹಾಗಿತ್ತು. ಭಾವ ಬೆಚ್ಚಿ, ಯಾರು ಮಾತಾಡಿದ್ದು ಎಂಬಂತೆ ಹಿಂದೆ ನೋಡಿದರು.

ಮೇಲಿನ ಪದರ ಪೂರ್ತಿ ಎರವಲು ಪದ. ಸಾಬೂನಿನ ಕೆಳಗೆ ಒಂದು ರಟ್ಟು ಅಡ್ಡವಿತ್ತು. ರಟ್ಟಿನ ಕೆಳಗೆ, ಅವನು ಯಾರ್ಯಾರಿಂದಲೋ ತಂದ ಸಾಮಾನು: ಲೈಬ್ರರಿಯ ಎರಡು ಪುಸ್ತಕ, ಎದುರುಮನೆಯವರ ಟೇಪು, ಅವಳದೇ ಒಂದು ಪೆನ್ನು. ಒಂದೊಂದಕ್ಕೂ ಚೀಟಿ ಸಿಕ್ಕಿಸಿತ್ತು. ಪೆನ್ನಿನ ಚೀಟಿಯಲ್ಲಿ 'ಹೆಂಡತಿಯಿಂದ, ಕೇಳದೆ' ಎಂದಿತ್ತು. ಎಲ್ಲಕ್ಕಿಂತ ಕೆಳಗೆ, ನಾಲ್ಕು ಮಡಿಕೆಯ ಹಳದಿ ಹಾಳೆ. 'ಗೋಂದಣ್ಣನಿಂದ. ಎರಡು ದಿನ.'

ಎರವಲು ಪದದ ಮೇಲೆ ನೂರಿಪ್ಪತ್ತು ಪುಟ ಬರೆದವಳಿಗೆ ಹೊಳೆಯದ ಅರ್ಥ ತಕ್ಕಡಿಯವಳಿಗೆ ನೋಡಿದ ಕೂಡಲೇ ಹೊಳೆದಿತ್ತು.

ಹಾಳೆಯ ಜೊತೆ ನಿಘಂಟಿಗೆಂದು ಅವನು ಬರೆದ ಚೀಟಿಯೂ ಇತ್ತು.

'ಹಕ್ಕುಚ್ಯುತಿ (ನಾ). 1. ಶಾಸಕರಿಗೆ: ಮೂಗಿನ ಮೇಲೆ ನೊಣ ಕೂರುವುದು. 2. ಉಳಿದವರಿಗೆ: ಬದುಕಿರುವಾಗಲೇ ಕಾಗದದಲ್ಲಿ ಸಾಯುವುದು.'

ಕೆಳಗೆ, ಸಂಪಾದಕರು ಒಪ್ಪುವಂಥ ಸಭ್ಯವಾದ ಅರ್ಥವನ್ನೂ ಬರೆದು, ಪ್ರಯೋಗಕ್ಕೆ ಆದೇಶದ ವಾಕ್ಯ ನಕಲು ಮಾಡಿದ್ದ. ಅದರ ಕೆಳಗೆ ಇನ್ನೊಂದು ಪ್ರಯೋಗ ಬರೆದು ಹೊಡೆದುಹಾಕಿದ್ದ: 'ಹಾಲು ಉಕ್ಕಿಸಿದ್ದು ಅವಳು, ಅಡುಗೆಮನೆಯಿಂದ ಹಕ್ಕುಚ್ಯುತನಾದದ್ದು ನಾನು.'

ಅವನು ಈಗ ಅದರ ತಿರುವುಮುರುವು, ಎಂದುಕೊಂಡಳು. ಸತ್ತ ಮೇಲೂ ಕಾಗದದಲ್ಲಿ ಕಲ್ಲುಗುಂಡಿನ ಹಾಗೆ ಬದುಕಿದ್ದಾನೆ. ನಿನ್ನೆ ತಾನೆ ಫೋನ್ ಕಂಪನಿ ಅವನಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸಿತ್ತು, ಜೊತೆಗೆ ಹೊಸ ಪ್ಲಾನು. ಇಲ್ಲಿ ತಾನು ಬ್ರೆಡ್ಡು ತಿನ್ನುತ್ತ ಕೂತಿರುವಾಗಲೇ ಮಾತಾಡುವ ಸ್ಥಿತಿಯಲ್ಲಿಲ್ಲ.

ಹಾಳೆ ಬಿಡಿಸಿದಳು. ಬಿಡಿಸಿದವಳು ಗೋಡೆಗೊರಗಿ ಕೂತಳು.

ಗಂಡ ಆದೇಶವನ್ನು ತಿದ್ದಿದ್ದ.

ಬೇಕೆಂದು ಮಾಡಿದ್ದಲ್ಲ. ಕರಡು ತಿದ್ದಿ ತಿದ್ದಿ ಅವನ ಕೈ ಅಭ್ಯಾಸಬಲದಿಂದ ಹೋಟೆಲಿನ ತಿಂಡಿಪಟ್ಟಿಯನ್ನೂ ಬಿಡುತ್ತಿರಲಿಲ್ಲ, ಲಗ್ನಪತ್ರಿಕೆಗಳನ್ನೂ ಬಿಡುತ್ತಿರಲಿಲ್ಲ. 'ಹಕ್ಕಿ'ಯ ಕ್ಕಿ ಮೇಲೆ ಓರೆಗೆರೆ ಎಳೆದು, ಅಂಚಿನಲ್ಲಿ ಅಂದವಾಗಿ 'ಕ್ಕು' ಎಂದು ಬರೆದಿದ್ದ. ಅದರ ಪಕ್ಕ, ಬೆರಳಚ್ಚಿನವನಿಗೋ ಸರ್ಕಾರಕ್ಕೋ, ಒಂದು ಪ್ರಶ್ನೆ: 'ಯಾವ ಹಕ್ಕಿ?'

ಮೊದಲು ಅವಳ ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಅದು ಹೊಟ್ಟೆಗಿಳಿದು ನಗುವಾಯಿತು. ಅತ್ತೆ ಓಡಿಬಂದರು. ಸೊಸೆಗೆ ಕೊನೆಗೂ ಅಳು ಬಂತೆಂದು ಬೆನ್ನು ಸವರಿದರು. ಮುಖ ನೋಡಿದ ಮೇಲೆ ಸವರುವುದನ್ನು ನಿಲ್ಲಿಸಿದರು.

"ಏನಮ್ಮ ಅದು?"

"ನಿಮ್ಮ ಮಗ. ಸರ್ಕಾರದ ಆದೇಶಕ್ಕೆ ಪ್ರೂಫ್ ನೋಡಿದಾನೆ."

ಅತ್ತೆ ಹಾಳೆ ಇಸಿದುಕೊಂಡು, ಸಾಲುಗಳನ್ನು ಬಿಟ್ಟು ಅಂಚನ್ನೇ ನೋಡಿದರು. "ಅವನ ಅಕ್ಷರ" ಎಂದರು. "ಇದು ಮೊನ್ನೆ ಮೊನ್ನೆ ಬರೆದಿದ್ದು."

ಹೌದು. ಅವನು ಕೊನೆಗೆ ಬರೆದದ್ದು ಇದೇ ಇರಬೇಕು. ಡಬ್ಬಗಳ ಮಿಕ್ಕ ಚೀಟಿಗಳೆಲ್ಲ ಹಳೆಯವು.

ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಹಾಳೆಯನ್ನು ಪುಸ್ತಕವೊಂದರ ನಡುವೆ ಇಟ್ಟಳು. 'ಅ' ಡಬ್ಬದಲ್ಲಿ ಕೈಯಾಡಿಸಿ ಅಳಿಸುವ ರಬ್ಬರನ್ನು ಹುಡುಕಿ ಚೀಲಕ್ಕೆ ಹಾಕಿಕೊಂಡಳು.

"ಈ ಬಿಸಿಲಲ್ಲಿ ಎಲ್ಲಿಗೆ? ನಾನು ಹೋಗಿ ಕೊಟ್ಟು ಬರ್ತೀನಿ, ಕೊಡು" ಎಂದರು ಭಾವ.

"ಬೇಡ ಭಾವ. ನೀವು ಕಾಲೇಜಿಗೆ ಫೋನ್ ಮಾಡಿ, ಸೋಮವಾರದಿಂದ ಬರ್ತಾಳಂತೆ ಅಂತ ಹೇಳಿ. ಹೇಗೂ ನನ್ನ ಪರವಾಗಿ ನೀವೇ ಅಲ್ವಾ ಮಾತಾಡೋದು?"

ಹಳೇ ಪೇಪರಿನವಳು ನಕ್ಕಳು. ಭಾವ ಫೋನ್ ಕೈಗೆತ್ತಿಕೊಂಡರು.

"ಆ ಡಬ್ಬಗಳನ್ನೆಲ್ಲ ವಾಪಸ್ ಮೇಲಿಡಿ" ಎಂದಳು ಅವಳು, ಬಾಗಿಲಿನಿಂದ. "ಕ್ರಮವಾಗಿ."

ಕೌಂಟರಿನ ಸಾಲು ಉದ್ದದ ಕಾರಿಡಾರಿನೊಳಗೆ ಬಂದಿತ್ತು. ಹೆಚ್ಚಿನವರು ಮುದುಕರು. ಒಬ್ಬೊಬ್ಬರ ಕೈಯಲ್ಲೂ ಹಳದಿಯಾದ ಹಾಳೆ, ಪ್ಲಾಸ್ಟಿಕ್ ಕವರಿನಲ್ಲಿ, ಕೈವಸ್ತ್ರದಲ್ಲಿ, ಒಬ್ಬನದು ಟೋಪಿಯೊಳಗೆ. ಅಷ್ಟು ಜೋಪಾನವಾಗಿ ಜನ ಅವಮಾನವನ್ನು ಎತ್ತಿಟ್ಟುಕೊಂಡದ್ದನ್ನು ಅವಳು ನೋಡಿರಲಿಲ್ಲ. ಗೋಡೆ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಗೋಂದಣ್ಣನ ಮುಂದೆ ಏಳು ಜನರಿದ್ದರು.

ಅವಳು ಹಾಳೆ ಬಿಡಿಸಿ ತೋರಿಸಿದಳು. ಅವನ ಮುಖ ಅರಳಿತು. ಅಂಚಿಗೆ ಕಣ್ಣು ಹೋದದ್ದೇ ಬಾಡಿತು.

"ತಿದ್ದಿಬಿಟ್ಟಿದಾರೆ."

"ಪೆನ್ಸಿಲ್ಲು, ಗೋಂದಣ್ಣ."

"ನಾನು ಅವತ್ತು ಕೊಡುವಾಗ್ಲೇ ಹೇಳ್ಬೇಕಿತ್ತು, ತಪ್ಪು ಮುಟ್ಬೇಡಿ, ಅದೇ ಸರಿ ಅಂತ." ಅವನು ಹಾಳೆಯನ್ನು ಬೆಳಕಿಗೆ ಹಿಡಿದ. ಬೈಂಡರನ ಕಣ್ಣು, ಕಾಗದದ ನಾರು ನಾರೂ ಬಲ್ಲದು. "ಒತ್ತಿ ಬರೆದಿಲ್ಲ. ಹೋಗುತ್ತೆ. ಮೆತ್ತಗೆ, ಒಂದೇ ದಿಕ್ಕಿಗೆ ಉಜ್ಜಬೇಕು." ಅವಳ ಕೈಲಿದ್ದ ರಬ್ಬರನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. "ಇದು ಅವರ ಅಕ್ಷರ ಅಲ್ವಾ ಅಮ್ಮ."

"ಹೂಂ."

"ನಿಮಗೆ ಬೇಕಾಗುತ್ತೆ. ಒಂದು ಕೆಲಸ ಮಾಡೋಣ. ನನ್ನ ಮಗಳಿಗೆ ಚಿಕ್ಕಪ್ಪ ಇದಾನೆ, ಅವನು ಸಾಕ್ಷಿ ಹಾಕ್ತಾನೆ. ಇದನ್ನ ನೀವೇ ಇಟ್ಕೊಳ್ಳಿ."

ಅವನು ಅದನ್ನು ಮನಸ್ಸಿನಿಂದಲೇ ಹೇಳಿದ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವನು ಸರಿಯಲಿಲ್ಲ. ಹಿಂದಿನವನು ಕೆಮ್ಮಿದ.

"ಗೋಂದಣ್ಣ, ಎರಡು ದಿನಕ್ಕೆ ಅಂತ ತಂದವನು ಮೂರು ವಾರ ಇಟ್ಕೊಂಡಿದಾನೆ" ಎಂದಳು ಅವಳು. "ಇನ್ನೂ ಇಟ್ಕೊಂಡ್ರೆ ನನ್ನನ್ನ ಯಾರು ಅಂತೀರಿ? ಮುಂದೆ ನಡೀರಿ. ಜಾಗ ಹೋಗುತ್ತೆ."

ಗೋಡೆಗೆ ತಾಗಿದ ಬೆಂಚಿನ ಮೇಲೆ ಅವಳು ಪುಸ್ತಕವಿಟ್ಟು, ಪುಸ್ತಕದ ಮೇಲೆ ಹಾಳೆ ಹರಡಿದಳು. ಮೊದಲು ಓರೆಗೆರೆ ಅಳಿಸಿದಳು. ಕ್ಕಿ ಮತ್ತೆ ತಲೆಯೆತ್ತಿತು. ಆಮೇಲೆ ಅಂಚಿನ ಕ್ಕು. ಅವನ ಕೊಂಬು ಯಾವಾಗಲೂ ಸ್ವಲ್ಪ ಉದ್ದ, ಬೆಕ್ಕಿನ ಬಾಲದ ಹಾಗೆ. ಎರಡು ಸಲ ಉಜ್ಜಬೇಕಾಯಿತು. 'ಯಾವ ಹಕ್ಕಿ?' ಎನ್ನುವಲ್ಲಿಗೆ ಬಂದು ರಬ್ಬರು ಕೈಯಲ್ಲೇ ನಿಂತಿತು. ಗಡಿಯಾರ ನೋಡಿದಳು, ನಾಲ್ಕು ಮೂವತ್ತೆರಡು. ಮುಂದೆ ಒಬ್ಬನೇ ಉಳಿದಿದ್ದ. ಪ್ರಶ್ನಾರ್ಥಕ ಚಿಹ್ನೆಯಿಂದ ಶುರುಮಾಡಿ ಹಿಂದಕ್ಕೆ, ಒಂದೇ ದಿಕ್ಕಿಗೆ, ಮೆತ್ತಗೆ ಉಜ್ಜಿದಳು. 'ಯಾ' ಕೊನೆಗೆ ಹೋಯಿತು.

ಹಾಳೆಯ ಮೇಲೆ ಬೂದು ಪುಡಿ ಉಳಿದಿತ್ತು. ಊದಿದಳು. ಅರ್ಧ ಬೆಂಚಿಗೆ, ಅರ್ಧ ಅವಳ ಮಡಿಲಿಗೆ ಹಾರಿತು. ಮಡಿಲನ್ನು ಕೊಡವಲಿಲ್ಲ. ಎದ್ದು ನಿಂತರೆ ತಾನೇ ಬೀಳುತ್ತದೆ.

ಕೌಂಟರಿನ ಒಳಗಿನಿಂದ, "ಮುಂದಿನವರು" ಎಂಬ ದನಿ ಕೇಳಿತು. ಗೋಂದಣ್ಣ ಹಿಂತಿರುಗಿ ನೋಡಿದ. ಅವಳು ಎದ್ದುಹೋಗಿ ಹಾಳೆಯನ್ನು ಅವನ ಕೈಗಿಟ್ಟಳು. ಅವನ ಬೆರಳ ಗೋಂದಿಗೆ ಅವಳ ಬೆರಳು ಒಂದು ಕ್ಷಣ ಅಂಟಿಕೊಂಡಿತು.

"ಸರಿ ನೋಡ್ಕೊಳ್ಳಿ" ಎಂದಳು. "ತಪ್ಪು ಇದ್ದ ಹಾಗೇ ಇದೆ."